ಬಣ್ಣದ ಕೆಳಗೆ ಸಿಕ್ಕ ನಂಬರ್: ಒಂದು ಹಳೇ ಲಾನ್ ಮೋವರ್ ಎಂಜಿನ್‌ನ ಪ್ರಕರಣ

"ಟ್ಯಾಂಕ್ ತುಂಬಿದ್ರೆ ಓಡುತ್ತೆ, ಅರ್ಧ ಆದ್ರೆ ನಿಲ್ಲುತ್ತೆ. ಅಷ್ಟು ಬಿಟ್ರೆ ಏನೂ ತೊಂದ್ರೆ ಇಲ್ಲ." ಚಿಕ್ಕಪ್ಪ ಮೋವರ್ ಕೊಡುವಾಗ ಹೇಳಿದ್ದು ಇಷ್ಟೇ. ನಾನು ಆ ಮಾತನ್ನು ತಮಾಷೆ ಅಂದುಕೊಂಡೆ. ಅದೇ ಇಡೀ ಪ್ರಕರಣದ ಅತಿ ದೊಡ್ಡ ಸುಳಿವು ಅಂತ ಗೊತ್ತಾಗುವಷ್ಟರಲ್ಲಿ ಒಂದು ತಪ್ಪು ಕಿಟ್ ಕೊಂಡು ಆಗಿತ್ತು.

ಯಂತ್ರ ತೀರಾ ಸರಳ. ಹುಲ್ಲು ಕತ್ತರಿಸಲು ಕೈಯಿಂದ ತಳ್ಳುವ ಮೋವರ್. ಎಂಜಿನ್‌ನ ಶಾಫ್ಟ್ ನೇರ ಕೆಳಗಿಳಿದು ಅದರ ತುದಿಗೇ ಬ್ಲೇಡ್ ಕೂತಿದೆ. ನಡುವೆ ಬೆಲ್ಟ್ ಇಲ್ಲ, ಗೇರ್ ಇಲ್ಲ. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಯಾರೋ ಒಮ್ಮೆ ಇಡೀ ಯಂತ್ರಕ್ಕೆ ಕಡು ಹಸಿರು ಸ್ಪ್ರೇ ಬಣ್ಣ ಹೊಡೆದಿದ್ದರು. ಎಂಜಿನ್, ಸೈಲೆನ್ಸರ್, ಬೋಲ್ಟ್ ತಲೆಗಳು, ಏನನ್ನೂ ಬಿಟ್ಟಿರಲಿಲ್ಲ. ನೋಡಲು ಚೆನ್ನಾಗಿತ್ತು. ಆದರೆ ಎಂಜಿನ್ ಯಾವುದು ಅಂತ ಹೇಳುವ ಒಂದು ಅಕ್ಷರವೂ ಕಾಣುತ್ತಿರಲಿಲ್ಲ.

ನಾನು ತಂದ ಮೇಲೆ ಎರಡು ಘಟನೆ ನಡೆದವು. ಮೊದಲನೆಯದು ಚಿಕ್ಕಪ್ಪ ಹೇಳಿದ್ದೇ: ಎಂಜಿನ್ ಹತ್ತಿಕೊಳ್ಳುತ್ತಿತ್ತು, ನಾಲ್ಕೈದು ಸೆಕೆಂಡ್ ಓಡಿ ಸುಮ್ಮನಾಗುತ್ತಿತ್ತು. ಎರಡನೆಯದು ನನ್ನ ತಪ್ಪು. ಟ್ಯಾಂಕ್ ಪೂರ್ತಿ ತುಂಬಿಸಿ ಓಡಿಸುವಾಗ ಹುಲ್ಲಿನಲ್ಲಿ ಅಡಗಿದ್ದ ಮರದ ಬೇರಿಗೆ ಬ್ಲೇಡ್ ಬಡಿಯಿತು. ಎಂಜಿನ್ ಟಕ್ ಅಂತ ನಿಂತಿತು. ಆಮೇಲೆ ಹಗ್ಗ ಎಳೆದರೆ ಅದು ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹೋಗುತ್ತಿತ್ತು. ಬೆರಳು ಉಳಿದದ್ದೇ ಪುಣ್ಯ.

ಅಂದರೆ ಒಂದೇ ಎಂಜಿನ್‌ನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ರೋಗ. ಎರಡಕ್ಕೂ ಬಿಡಿಭಾಗ ಬೇಕು. ಎಂಜಿನ್‌ನ ಹೆಸರೇ ಗೊತ್ತಿಲ್ಲದೆ ಏನಂತ ಕೇಳುವುದು?

ತಪ್ಪು ಕಿಟ್

ಮೋವರ್‌ನ ತಗಡಿನ ದೇಹದ ಮೇಲೆ, ಅಂದರೆ ಡೆಕ್ ಮೇಲೆ, ಒಂದು ಸ್ಟಿಕ್ಕರ್ ಉಳಿದಿತ್ತು. ಅದರಲ್ಲಿ ಒಂದು ಕಂಪನಿಯ ಹೆಸರು, ಉದ್ದನೆಯ ಮಾಡಲ್ ನಂಬರ್, ಕೆಳಗೆ "3.5 ಎಚ್‌ಪಿ". ಅದನ್ನೇ ಬರೆದುಕೊಂಡು ಹುಡುಕಿದೆ. ಹೊಂದುತ್ತದೆ ಅಂತ ಬರೆದಿದ್ದ ಒಂದು ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಕಿಟ್ ಸಿಕ್ಕಿತು. ಫೋಟೋ ಕೂಡ ಸರಿ ಅನ್ನಿಸಿತು. ತರಿಸಿದೆ. ಅದರಲ್ಲಿದ್ದ ಡಯಾಫ್ರಮ್, ಅಂದರೆ ತೆಳು ರಬ್ಬರಿನ ಹಾಳೆ, ನನ್ನ ಕಾರ್ಬುರೇಟರ್ ಮೇಲೆ ಕೂರಲೇ ಇಲ್ಲ. ಹೊರಗಿನ ಆಕಾರ ಹತ್ತಿರ ಹತ್ತಿರ ಅದೇ, ತೂತುಗಳ ಜಾಗ ಮಾತ್ರ ಬೇರೆ.

ಇಲ್ಲಿ ಮಾರಿದವರ ತಪ್ಪೇನೂ ಇಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪು. ಮೋವರ್ ಮಾಡುವ ಕಂಪನಿಗಳಲ್ಲಿ ಬಹುತೇಕ ಎಂಜಿನ್ ಮಾಡುವುದಿಲ್ಲ. ಡೆಕ್, ಚಕ್ರ, ಹಿಡಿಕೆ ಅವರದು. ಎಂಜಿನ್ ಬೇರೆ ಕಡೆಯಿಂದ ತಂದು ಕೂರಿಸುತ್ತಾರೆ. ಒಂದೇ ಮಾಡಲ್ ಮೋವರ್‌ಗೆ ಬೇರೆ ಬೇರೆ ವರ್ಷ ಬೇರೆ ಬೇರೆ ಎಂಜಿನ್ ಬಂದಿರಬಹುದು. ಡೆಕ್ ಮೇಲಿನ ನಂಬರ್ ಬ್ಲೇಡ್, ಚಕ್ರ, ಕೇಬಲ್ ಕೊಳ್ಳುವುದಕ್ಕೆ. ಎಂಜಿನ್ ಒಳಗಿನ ಭಾಗಕ್ಕೆ ಅದು ಪ್ರಯೋಜನಕ್ಕೆ ಬಾರದು.

ಇನ್ನು "3.5 ಎಚ್‌ಪಿ" ಅನ್ನುವುದು ಹೆಸರಲ್ಲ, ಬರೀ ಅಳತೆ. ಅಷ್ಟೇ ಎಚ್‌ಪಿಯ ಎಂಜಿನ್‌ಗಳು ಹಲವು. ಅವುಗಳ ಕಾರ್ಬುರೇಟರ್ ಬೇರೆ, ಸ್ಟಾರ್ಟರ್ ಬೇರೆ. "ಆರಡಿ ಎತ್ತರದವರು ಬೇಕು" ಅಂತ ಊರಿನಲ್ಲಿ ವಿಚಾರಿಸಿದ ಹಾಗೆ ಆಯಿತು ನನ್ನ ಹುಡುಕಾಟ.

ಯಾರು ಮಾಡಿದ್ದು?

ಮೊದಲು ತಯಾರಕರು ಯಾರು ಅಂತ ತಿಳಿಯಬೇಕು. ಪ್ರತಿ ಕಂಪನಿ ತನ್ನ ನಂಬರನ್ನು ತನ್ನದೇ ಜಾಗದಲ್ಲಿ, ತನ್ನದೇ ರೀತಿಯಲ್ಲಿ ಬರೆಯುತ್ತದೆ. ಹೋಂಡಾ ಆದರೆ ಜಿಸಿವಿ160 ಥರದ ಹೆಸರು ಕ್ರ್ಯಾಂಕ್‌ಕೇಸ್ ಮೇಲೇ, ಅಂದರೆ ಶಾಫ್ಟ್ ಕೂತಿರುವ ಪೆಟ್ಟಿಗೆಯ ಮೇಲೇ, ಇರುತ್ತದೆ. 160 ಅಂದರೆ ಸುಮಾರು 160 ಸಿಸಿ. ಸೀರಿಯಲ್ ನಂಬರ್ ಕೂಡ ಕ್ರ್ಯಾಂಕ್‌ಕೇಸ್ ಮೇಲೆ ಒತ್ತಿರುತ್ತದೆ. ಟೆಕುಮ್ಸೆ ಆದರೆ ಟಿವಿಎಸ್90 ಅಂತ ಏನಾದರೂ ಕಾಣಬಹುದು. ಬೈಕಿನ ಟಿವಿಎಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಮೊದಲ ಅಕ್ಷರ ಟೆಕುಮ್ಸೆಯದು, ಎರಡನೆಯದು ನಿಂತ ಶಾಫ್ಟ್ ಅನ್ನುವುದಕ್ಕೆ, ಮತ್ತು 90 ಅಂದರೆ 9.0 ಘನ ಇಂಚು. ಕೋಹ್ಲರ್ ಆದರೆ ಮಾಡಲ್ ಜೊತೆ "ಸ್ಪೆಕ್" ಅನ್ನುವ ನಂಬರ್ ಇರುತ್ತದೆ. ಅದಿಲ್ಲದೆ ಭಾಗ ಕೇಳಿದರೆ ಕೆಲಸ ಆಗುವುದಿಲ್ಲ. 168ಎಫ್ ಅಂತ ಕಂಡರೆ ಅದು ಚೀನಾದ ಹೆಸರಿಡುವ ಪದ್ಧತಿ: ಒಂದು ಸಿಲಿಂಡರ್, 68 ಮಿಲಿಮೀಟರ್ ಬೋರ್ (ಸಿಲಿಂಡರ್‌ನ ಒಳವ್ಯಾಸ), ಗಾಳಿಯಿಂದ ತಂಪಾಗುವುದು.

ನನ್ನ ಎಂಜಿನ್‌ನ ಬ್ಲಾಕ್ ಮೇಲೆ ಹೀಗೆ ಏನೂ ಇರಲಿಲ್ಲ. ಬ್ಲಾಕ್ ಅಲ್ಯೂಮಿನಿಯಂನದು, ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿವೆ. ಹೆಡ್ ಚಪ್ಪಟೆ, ಅದರ ಮೇಲೆ ರಾಕರ್ ಕವರ್ ಇಲ್ಲ. ಪೆಟ್ರೋಲ್ ಟ್ಯಾಂಕ್‌ನ ತಲೆಯ ಮೇಲೆಯೇ ಕಾರ್ಬುರೇಟರ್ ಕೂತಿದೆ. ಇದನ್ನು ನೋಡಿದ ತಕ್ಷಣ ಹಳೇ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಇರಬೇಕು ಅನ್ನಿಸಿತು. ಅಮೆರಿಕದ ಮಿಲ್ವಾಕಿಯ ಆ ಕಂಪನಿ ತನ್ನ ನಂಬರನ್ನು ಎಂಜಿನ್ ಮೇಲಿನ ತಗಡಿನ ಕವಚದಲ್ಲಿ, ಸಾಮಾನ್ಯವಾಗಿ ಸ್ಪಾರ್ಕ್ ಪ್ಲಗ್‌ನ ಮೇಲುಗಡೆ, ಒತ್ತಿಬಿಡುತ್ತಿತ್ತು. ಹಾಗಾದರೆ ನಂಬರ್ ಇದೆ, ಹಸಿರು ಬಣ್ಣದ ಕೆಳಗಿದೆ.

ಬಣ್ಣ ತೆಗೆದದ್ದು

ಇದು ಚಿಕ್ಕ ಕೆಲಸ. ಆದರೆ ಹಾಳುಮಾಡಲು ಅತಿ ಸುಲಭವಾದ ಕೆಲಸವೂ ಹೌದು. ಉಕ್ಕಿನ ಬ್ರಷ್, ಮರಳು ಕಾಗದ, ಗ್ರೈಂಡರ್ ಯಾವುದೂ ಬೇಡ. ಒತ್ತಿದ ಅಂಕೆಗಳ ಆಳ ಕೂದಲೆಳೆಯಷ್ಟು. ಉಜ್ಜಿದರೆ ಬಣ್ಣದ ಜೊತೆ ಅಂಕೆಯೂ ಹೋಗುತ್ತದೆ.

ಮೊದಲು ಪ್ಲಗ್‌ನ ತಂತಿ ಕಿತ್ತು ದೂರ ಕಟ್ಟಿದೆ. ಟ್ಯಾಂಕ್ ಖಾಲಿ ಮಾಡಿದೆ. ಬಯಲಿನಲ್ಲಿ ಕೂತು ಬಟ್ಟೆಗೆ ಥಿನ್ನರ್ ಹಾಕಿ ಆ ಜಾಗದ ಮೇಲೆ ಹತ್ತು ನಿಮಿಷ ಹೊದಿಸಿಟ್ಟೆ. ಮೆತ್ತಗಾದ ಬಣ್ಣವನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದೆ. ಇದನ್ನೇ ಮೂರು ಸಲ ಮಾಡಿದ ಮೇಲೆ ಲೋಹ ಕಂಡಿತು. ಅಂಕೆ ಮಾತ್ರ ಕಾಣಲಿಲ್ಲ.

ಬಿಳಿ ಸೀಮೆಸುಣ್ಣವನ್ನು ಅಡ್ಡಲಾಗಿ ಹಿಡಿದು ಉಜ್ಜಿ, ಬೆರಳಿನಿಂದ ಒರೆಸಿದೆ. ಪುಡಿ ತಗ್ಗಿನಲ್ಲಿ ಉಳಿಯಿತು. ಆಮೇಲೆ ಕತ್ತಲಲ್ಲಿ ಟಾರ್ಚನ್ನು ತಗಡಿಗೆ ಒರಗಿಸಿದಂತೆ ಪಕ್ಕದಿಂದ ಹಿಡಿದು ಫೋಟೋ ತೆಗೆದೆ. ನೇರ ಬೆಳಕಿನಲ್ಲಿ ಮಾಯವಾಗುವ ಅಂಕೆ ಓರೆ ಬೆಳಕಿನಲ್ಲಿ ನೆರಳು ಬಿಟ್ಟು ಎದ್ದು ನಿಲ್ಲುತ್ತದೆ. ಟಾರ್ಚ್ ಜಾಗ ಬದಲಿಸಿ ಒಂದು ಹತ್ತು ಫೋಟೋ ತೆಗೆದಿರಬೇಕು. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಂಡಿತು.

ಮೂರು ತಲೆಬರಹ ಸಿಕ್ಕವು: ಮಾಡಲ್, ಟೈಪ್, ಕೋಡ್. ಇದು ಬ್ರಿಗ್ಸ್‌ನವರ ಪದ್ಧತಿ. ಅಲ್ಲಿಗೆ ತಯಾರಕರು ಯಾರು ಅನ್ನುವುದು ಮುಗಿಯಿತು. ಮಾಡಲ್ ಐದು ಅಂಕೆ. 9, 2, ಆಮೇಲೆ ಒಂದು ಸವೆದ ಅಂಕೆ, ಆಮೇಲೆ 0, 2. ಸವೆದದ್ದು 5 ಇರಬಹುದು, 9 ಇರಬಹುದು. ಟೈಪ್‌ನಲ್ಲೂ ಒಂದು ಅಂಕೆ ಸ್ಪಷ್ಟ ಇಲ್ಲ, 3 ಅಥವಾ 8. ಕೋಡ್ ಮಾತ್ರ ಚೊಕ್ಕವಾಗಿತ್ತು, 79042603.

ಐದೋ ಒಂಬತ್ತೋ

ಈ ಹಳೇ ಮಾಡಲ್ ನಂಬರ್‌ಗಳು ಸುಮ್ನೆ ಸಾಲಾಗಿ ಕೊಟ್ಟವಲ್ಲ. ಪ್ರತಿ ಅಂಕೆಗೂ ಅರ್ಥ ಇದೆ. ಮೊದಲಿನ ಒಂದು ಅಥವಾ ಎರಡು ಅಂಕೆ ಸಿಲಿಂಡರ್‌ನ ಗಾತ್ರ, ಘನ ಇಂಚಿನಲ್ಲಿ. ನನ್ನದು 9, ಅಂದರೆ ಸುಮಾರು 148 ಸಿಸಿ. ಮುಂದಿನದು ವಿನ್ಯಾಸದ ಸರಣಿ. ಅದರ ಮುಂದಿನದು ಶಾಫ್ಟ್ ಮಲಗಿದೆಯೋ ನಿಂತಿದೆಯೋ, ಕಾರ್ಬುರೇಟರ್ ಯಾವ ಜಾತಿ ಅಂತ ಹೇಳುತ್ತದೆ. ನಾಲ್ಕನೆಯದು ಬೇರಿಂಗ್, 0 ಅಂದರೆ ಸಾದಾ. ಕೊನೆಯದು ಸ್ಟಾರ್ಟರ್, 2 ಅಂದರೆ ಎಳೆದು ಬಿಟ್ಟರೆ ತಾನೇ ಸುತ್ತಿಕೊಳ್ಳುವ ಹಗ್ಗ.

ಗ್ರಹಚಾರ ನೋಡಿ, ಸವೆದದ್ದು ಸರಿಯಾಗಿ ಕಾರ್ಬುರೇಟರ್ ಹೇಳುವ ಅಂಕೆ! ನನಗೆ ಬೇಕಾದದ್ದು ಕಾರ್ಬುರೇಟರ್‌ನ ಭಾಗವೇ ಅಲ್ವಾ. ಅಲ್ಲಿ 5 ಇದ್ದರೆ ನಿಂತ ಶಾಫ್ಟ್, ವ್ಯಾಕ್ಯು-ಜೆಟ್ ಕಾರ್ಬುರೇಟರ್. 9 ಇದ್ದರೆ ನಿಂತ ಶಾಫ್ಟ್, ಪಲ್ಸಾ-ಜೆಟ್ ಕಾರ್ಬುರೇಟರ್. ಫೋಟೋವನ್ನು ಎಷ್ಟು ದೊಡ್ಡದು ಮಾಡಿದರೂ ನನಗೆ ಬೆಳಿಗ್ಗೆ 5 ಕಂಡರೆ ಸಂಜೆ 9 ಕಾಣುತ್ತಿತ್ತು.

ಆಗ ಹೊಳೆದದ್ದು ಇಷ್ಟೇ: ಅಂಕೆ ಕಾರ್ಬುರೇಟರ್ ಬಗ್ಗೆ ಹೇಳುತ್ತದೆ ಅಂದಮೇಲೆ ಕಾರ್ಬುರೇಟರ್ ಕೂಡ ಅಂಕೆಯ ಬಗ್ಗೆ ಹೇಳಬೇಕು. ಅದನ್ನೇ ಬಿಚ್ಚಿ ನೋಡಿದರಾಯಿತು. ಬಿಚ್ಚುವ ಮೊದಲು ವೇಗವನ್ನು ಹಿಡಿತದಲ್ಲಿಡುವ ಗವರ್ನರ್‌ನ ಸ್ಪ್ರಿಂಗ್ ಯಾವ ತೂತಿನಲ್ಲಿದೆ ಅಂತ ಫೋಟೋ ತೆಗೆದಿಟ್ಟುಕೊಂಡೆ. ಕೂದಲಿನಷ್ಟು ತೆಳ್ಳಗಿನ ಆ ಸ್ಪ್ರಿಂಗ್ ತಪ್ಪು ತೂತಿಗೆ ಹೋದರೆ ಎಂಜಿನ್‌ನ ವೇಗವೇ ತಪ್ಪುತ್ತದೆ.

ವ್ಯಾಕ್ಯು-ಜೆಟ್‌ನಲ್ಲಿ ಕಾರ್ಬುರೇಟರ್‌ನಿಂದ ಟ್ಯಾಂಕಿಗೆ ಒಂದೇ ಕೊಳವೆ ಇಳಿದಿರುತ್ತದೆ. ಎಂಜಿನ್ ಎಳೆಯುವ ಗಾಳಿಯ ಬಲದಿಂದಲೇ ಪೆಟ್ರೋಲ್ ತಳದಿಂದ ಮೇಲೆ ಬರುತ್ತದೆ. ಟ್ಯಾಂಕ್ ಖಾಲಿಯಾದಂತೆ ಎತ್ತುವ ದೂರ ಜಾಸ್ತಿಯಾಗಿ ಮಿಶ್ರಣ ಸ್ವಲ್ಪ ಬದಲಾಗುತ್ತದೆ. ಪಲ್ಸಾ-ಜೆಟ್‌ನಲ್ಲಿ ಕೊಳವೆ ಎರಡು, ಒಂದು ಉದ್ದ, ಒಂದು ಗಿಡ್ಡ. ಟ್ಯಾಂಕ್‌ನ ತಲೆಯಲ್ಲಿ ಒಂದು ಪುಟ್ಟ ಬಟ್ಟಲು ಇರುತ್ತದೆ. ಎಂಜಿನ್ ಉಸಿರೆಳೆದಾಗಲೆಲ್ಲ ತೆಳು ರಬ್ಬರಿನ ಡಯಾಫ್ರಮ್ ಮೇಲೆ ಕೆಳಗೆ ಮಿಡಿಯುತ್ತದೆ. ಅದು ಉದ್ದ ಕೊಳವೆಯಿಂದ ಪೆಟ್ರೋಲ್ ಎತ್ತಿ ಬಟ್ಟಲು ತುಂಬುತ್ತದೆ. ಗಿಡ್ಡ ಕೊಳವೆ ಆ ಬಟ್ಟಲಿನಿಂದ ಕುಡಿಯುತ್ತದೆ. ಬಟ್ಟಲಿನ ಮಟ್ಟ ಯಾವಾಗಲೂ ಒಂದೇ, ಹಾಗಾಗಿ ಟ್ಯಾಂಕ್ ತುಂಬಿದ್ದರೂ ಅರೆ ಇದ್ದರೂ ಮಿಶ್ರಣ ಒಂದೇ. ಒಂದು ಚೂರು ರಬ್ಬರಿನಿಂದ ಪಂಪ್ ಮಾಡಿದ ಆ ತಲೆಗೆ ನಿಜಕ್ಕೂ ಕೈ ಮುಗಿಯಬೇಕು.

ಕಾರ್ಬುರೇಟರ್ ಎತ್ತಿದೆ. ಎರಡು ಕೊಳವೆ ಜೋತಾಡುತ್ತಿದ್ದವು.

ಹಾಗಾದರೆ 9. ಮಾಡಲ್ 92902. ಚಿಕ್ಕಪ್ಪನ ಮಾತಿಗೂ ಆಗಲೇ ಅರ್ಥ ಬಂತು. ಡಯಾಫ್ರಮ್ ಗಟ್ಟಿಯಾಗಿ ಸುಕ್ಕುಗಟ್ಟಿತ್ತು, ಮಿಡಿಯುವ ಶಕ್ತಿ ಇರಲಿಲ್ಲ. ಟ್ಯಾಂಕ್ ಕಂಠಮಟ್ಟ ತುಂಬಿದ್ದಾಗ ಪಂಪ್ ಇಲ್ಲದೆಯೂ ಬಟ್ಟಲಿಗೆ ಪೆಟ್ರೋಲ್ ಸೇರುತ್ತಿತ್ತು. ಮಟ್ಟ ಇಳಿದ ಮೇಲೆ ಬಟ್ಟಲಿನಲ್ಲಿ ಉಳಿದ ಚೂರು ಪೆಟ್ರೋಲ್ ಸುಟ್ಟು ಎಂಜಿನ್ ನಿಲ್ಲುತ್ತಿತ್ತು. ನಾಲ್ಕೈದು ಸೆಕೆಂಡಿನ ಓಟ ಅಂದರೆ ಅದೇ. ವ್ಯಾಕ್ಯು-ಜೆಟ್‌ನಲ್ಲಿ ಆ ಬಟ್ಟಲೇ ಇಲ್ಲ. ರೋಗದ ಲಕ್ಷಣವೇ ಮಾಡಲ್ ನಂಬರ್‌ನ ಮೂರನೇ ಅಂಕೆಯನ್ನು ಮೊದಲ ದಿನವೇ ಹೇಳಿತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಗಾತ್ರದ ಬಗ್ಗೆ ಅನುಮಾನ ಇದ್ದಿದ್ದರೆ ಹೆಡ್ ಬಿಚ್ಚಿ ಅಳೆಯಬಹುದಿತ್ತು. ಈ ಎಂಜಿನ್‌ನ ಬೋರ್ 65.1 ಮಿಲಿಮೀಟರ್, ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 44.45. ಆ ಅಗತ್ಯ ಬೀಳಲಿಲ್ಲ.

ಕವಚ ಸುಳ್ಳು ಹೇಳುತ್ತಿದೆಯೇ?

ಕೋಡ್ ಓದುವುದು ಸುಲಭ. ಮೊದಲೆರಡು ಅಂಕೆ ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಕೊನೆಯ ಎರಡು ಕಾರ್ಖಾನೆಯ ಒಳಗುರುತು. 79042603 ಅಂದರೆ 1979ರ ಏಪ್ರಿಲ್ 26. ಇಲ್ಲಿ ನನಗೆ ಒಂದು ಮುಳ್ಳು ಚುಚ್ಚಿತು.

ಕವಚ ಬಿಚ್ಚಿದಾಗ ಫ್ಲೈವೀಲ್ (ಶಾಫ್ಟ್‌ನ ಮೇಲ್ತುದಿಯ ಭಾರದ ಚಕ್ರ) ಪಕ್ಕದಲ್ಲಿ ಕಂಡ, ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಎಲೆಕ್ಟ್ರಾನಿಕ್ ಥರದ್ದು. ಬ್ರಿಗ್ಸ್‌ನವರು ಅದನ್ನು ಮ್ಯಾಗ್ನೆಟ್ರಾನ್ ಅಂತ ಕರೆದರು. ಅದು ಬಂದದ್ದು 1982ರಲ್ಲಿ. 1979ರ ಎಂಜಿನ್‌ನಲ್ಲಿ ಅದು ಹೇಗೆ?

ಎರಡು ಸಾಧ್ಯತೆ ಕಂಡವು. ನಂಬರ್ ಇರುವ ಕವಚ ಕೆಲವೇ ಬೋಲ್ಟ್‌ಗಳಲ್ಲಿ ಕೂತ ತಗಡು. ಯಾರೋ ಬೇರೆ ಎಂಜಿನ್‌ನ ಕವಚವನ್ನು ಇದಕ್ಕೆ ಹಾಕಿರಬಹುದು. ಹಾಗಾಗಿದ್ದರೆ ಇಷ್ಟು ಹೊತ್ತು ಓದಿದ ನಂಬರೆಲ್ಲ ಇನ್ನೊಂದು ಎಂಜಿನ್‌ನ ಜಾತಕ. ಇಲ್ಲವೇ ಎಂಜಿನ್ ಹಳೆಯದೇ, ಕಾಯಿಲ್ ಮಾತ್ರ ಆಮೇಲೆ ಬಂದದ್ದು.

ಉತ್ತರ ಫ್ಲೈವೀಲ್ ಕೆಳಗಿತ್ತು. ಹಗ್ಗ ಹಿಂದಕ್ಕೆ ಎಳೆಯುವ ಎರಡನೇ ರೋಗಕ್ಕಾಗಿ ಅದನ್ನು ಹೇಗೂ ಬಿಚ್ಚಬೇಕಿತ್ತು. ಈ ಎಂಜಿನ್‌ನಲ್ಲಿ ಸ್ಟಾರ್ಟರ್ ಕ್ಲಚ್ಚೇ ಫ್ಲೈವೀಲ್‌ನ ನಟ್. ಅದನ್ನು ತಿರುಗಿಸಿ ತೆಗೆದು, ಫ್ಲೈವೀಲ್‌ನ ಎರಡು ತೂತುಗಳಿಗೆ ಪುಲ್ಲರ್ ಹಾಕಿ ಎತ್ತಿದೆ. ಸುತ್ತಿಗೆಯಿಂದ ಬಡಿದು, ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಯುವವರನ್ನು ನೋಡಿದ್ದೇನೆ. ಅಲ್ಯೂಮಿನಿಯಂ ಚಕ್ರ ಬಿರುಕು ಬಿಟ್ಟರೆ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದು ಎತ್ತ ಹಾರುತ್ತದೆ ಅಂತ ಯೋಚಿಸಿದರೆ ಆ ಧೈರ್ಯ ಬರುವುದಿಲ್ಲ.

ಚಕ್ರದ ಕೆಳಗೆ ಪುಟ್ಟ ತಗಡಿನ ಮುಚ್ಚಳ. ಅದರೊಳಗೆ ಹಳೇ ಕಾಲದಲ್ಲಿ ಕಿಡಿಯ ಹೊತ್ತು ನಿರ್ಧರಿಸುತ್ತಿದ್ದ ಪಾಯಿಂಟ್ಸ್, ಅವುಗಳ ಜೊತೆಗಿರುವ ಕಂಡೆನ್ಸರ್, ಅವನ್ನು ತಳ್ಳುವ ಪ್ಲಂಜರ್ ಎಲ್ಲ ಇದ್ದವು. ಅವುಗಳ ತಂತಿ ಮಾತ್ರ ಕತ್ತರಿಸಿತ್ತು. ಮ್ಯಾಗ್ನೆಟ್ರಾನ್ ಘಟಕವನ್ನು ಪಾಯಿಂಟ್ಸ್ ಇರುವ ಹಳೇ ಎಂಜಿನ್‌ಗೂ ಹಾಕಬಹುದು. ಹಾಗೆ ಹಾಕಿದ ಮೇಲೆ ಪಾಯಿಂಟ್ಸ್‌ಗೆ ಕೆಲಸ ಇಲ್ಲ, ಅಲ್ಲೇ ಬಿಟ್ಟುಬಿಡುತ್ತಾರೆ. ಅಂದರೆ ಎಂಜಿನ್ 1982ಕ್ಕಿಂತ ಹಿಂದಿನದು, ಕವಚದ ಮಾತು ನಂಬಬಹುದು. ಕಾಯಿಲ್ ಮಾತ್ರ ಆಮೇಲೆ ಬಂದ ಸೊಸೆ.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ನಂಬರ್ ಹೇಳುವುದು ಎಂಜಿನ್ ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತು ಅಂತ. ಇವತ್ತು ಅದರೊಳಗೆ ಏನಿದೆ ಅಂತ ಅಲ್ಲ. ಬಿಡಿಭಾಗಗಳ ಪಟ್ಟಿಯಲ್ಲಿ "ಇಂಥ ಕೋಡ್ ದಿನಾಂಕಕ್ಕೆ ಮೊದಲು ಇದು, ಆಮೇಲೆ ಇದು" ಅಂತ ಬರೆದಿರುತ್ತಾರೆ. 1979ರ ಕೋಡ್ ಹಿಡಿದು ಕಣ್ಣು ಮುಚ್ಚಿ ತರಿಸಿದ್ದರೆ ಇಗ್ನಿಷನ್‌ಗೆ ಪಾಯಿಂಟ್ಸ್ ಮತ್ತು ಕಂಡೆನ್ಸರ್ ಬರುತ್ತಿದ್ದವು. ಪಟ್ಟಿಯ ಪ್ರಕಾರ ಸರಿ, ನನ್ನ ಎಂಜಿನ್‌ಗೆ ದಂಡ.

ಅರ್ಧ ತುಂಡಾದ ಕೀ

ಫ್ಲೈವೀಲ್ ಮತ್ತು ಶಾಫ್ಟ್ ನಡುವೆ ಒಂದು ಪುಟ್ಟ ಚೌಕದ ಕಡ್ಡಿ ಇರುತ್ತದೆ, ಅದೇ ಕೀ. ನನ್ನದು ನಡುವೆ ಮೆಟ್ಟಿಲಿನಂತೆ ಜರುಗಿತ್ತು. ಬ್ಲೇಡ್ ಬೇರಿಗೆ ಬಡಿದಾಗ ಶಾಫ್ಟ್ ನಿಂತಿತು, ಭಾರದ ಚಕ್ರ ನಿಲ್ಲದೆ ಒಂದಿಷ್ಟು ಮುಂದೆ ಹೋಯಿತು. ಚಕ್ರದಲ್ಲಿ ಅಯಸ್ಕಾಂತ ಇದೆ, ಅದು ಕಾಯಿಲ್ ಮುಂದೆ ಹಾದಾಗ ಕಿಡಿ ಹುಟ್ಟುತ್ತದೆ. ಚಕ್ರ ಮುಂದಕ್ಕೆ ಜರುಗಿದರೆ ಕಿಡಿ ಬೇಗ ಹುಟ್ಟುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಹತ್ತಿ ಅದನ್ನು ಹಿಂದಕ್ಕೆ ಒದೆಯುತ್ತದೆ. ನನ್ನ ಕೈಯಿಂದ ಹಗ್ಗ ಕಿತ್ತುಕೊಂಡದ್ದು ಆ ಒದೆತ.

ಈ ಕೀಯನ್ನು ಬೇಕೆಂದೇ ಮೆತ್ತನೆಯ ಲೋಹದಲ್ಲಿ ಮಾಡುತ್ತಾರೆ. ಚಕ್ರವನ್ನು ಹಿಡಿದಿಡುವುದು ಶಾಫ್ಟ್‌ನ ಇಳಿಜಾರು ಮತ್ತು ನಟ್‌ನ ಬಿಗಿ. ಕೀ ಬರೀ ಜಾಗ ತೋರಿಸುತ್ತದೆ, ಪೆಟ್ಟು ಬಿದ್ದಾಗ ತಾನು ಮುರಿಯುತ್ತದೆ. "ಉಕ್ಕಿನ ತುಂಡು ಕತ್ತರಿಸಿ ಹಾಕು, ಇನ್ನೆಂದೂ ಮುರಿಯಲ್ಲ" ಅಂತ ಸಲಹೆ ಕೊಡುವವರು ಎಲ್ಲ ಕಡೆ ಸಿಗುತ್ತಾರೆ. ಮುರಿಯಲ್ಲ, ನಿಜ. ಮುಂದಿನ ಪೆಟ್ಟನ್ನು ಶಾಫ್ಟ್ ಅಥವಾ ಚಕ್ರ ತಿನ್ನುತ್ತದೆ.

ಭಾಗ ತರಿಸುವ ಮೊದಲು ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಕ್ರ್ಯಾಂಕ್‌ಶಾಫ್ಟ್, ಅಂದರೆ ಬ್ಲೇಡ್ ಕೂತ ಆ ಶಾಫ್ಟ್, ಬಾಗಿದ್ದರೆ ಉಳಿದ ಖರ್ಚೆಲ್ಲ ವ್ಯರ್ಥ. ಪ್ಲಗ್ ತೆಗೆದು, ಏರ್ ಫಿಲ್ಟರ್ ಮೇಲಾಗುವಂತೆ ಯಂತ್ರ ಓರೆ ಮಾಡಿದೆ. ಬ್ಲೇಡ್ ಬಿಚ್ಚಿಟ್ಟು, ಡೆಕ್‌ಗೆ ಒಂದು ತಂತಿ ಕಟ್ಟಿ ಅದರ ತುದಿ ಶಾಫ್ಟ್‌ನ ಕೊನೆಗೆ ತಾಗಿಯೂ ತಾಗದಂತೆ ನಿಲ್ಲಿಸಿ ಕೈಯಿಂದ ತಿರುಗಿಸಿದೆ. ನಡುವಿನ ಸಂದು ಹಿಗ್ಗಲಿಲ್ಲ, ಕುಗ್ಗಲಿಲ್ಲ. ಬಾಗಿದ್ದರೆ ಬಡಿದು ನೇರ ಮಾಡುವ ಮಾತೇ ಇಲ್ಲ, ಶಾಫ್ಟ್ ಬದಲಿಸಬೇಕು.

ಪಟ್ಟಿಯೊಳಗೆ

ಈಗ ಕೈಯಲ್ಲಿ ಮಾಡಲ್ 92902, ಕೋಡ್ 79042603, ಮತ್ತು ಒಂದು ಅಂಕೆ ಅನುಮಾನ ಇರುವ ಟೈಪ್. ಈ ಮಾಡಲ್‌ನ ಚಿತ್ರಸಹಿತ ಬಿಡಿಭಾಗ ಪಟ್ಟಿ ತೆಗೆದೆ. ಎಂಜಿನ್ ಸಿಡಿದು ಚೆಲ್ಲಿದ ಹಾಗೆ ಪ್ರತಿ ಭಾಗವನ್ನೂ ಬಿಡಿಬಿಡಿಯಾಗಿ ಬಿಡಿಸಿರುತ್ತಾರೆ, ಪಕ್ಕದಲ್ಲಿ ಒಂದೊಂದು ಅಂಕೆ. ಹೊಸಬರು ಇಲ್ಲಿ ಎಡವುತ್ತಾರೆ. ಚಿತ್ರದಲ್ಲಿರುವುದು ಉಲ್ಲೇಖದ ಅಂಕೆ ಅಷ್ಟೇ, ಕೊಳ್ಳುವ ನಂಬರ್ ಅಲ್ಲ. ಬ್ರಿಗ್ಸ್ ಪಟ್ಟಿಗಳಲ್ಲಿ ಫ್ಲೈವೀಲ್ ಕೀ ಯಾವಾಗಲೂ 24, ಕ್ರ್ಯಾಂಕ್‌ಶಾಫ್ಟ್ 16, ಇಗ್ನಿಷನ್ ಕಾಯಿಲ್ 333. ಯಾವ ಎಂಜಿನ್ ತೆಗೆದರೂ ಅದೇ. "24 ಕೊಡಿ" ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. 24ರ ಎದುರು ಪಟ್ಟಿಯಲ್ಲಿ 222698 ಅಂತ ಇರುತ್ತದೆ. ಕೊಳ್ಳುವ ನಂಬರ್ ಅದು.

ಇನ್ನೊಂದು ಎಡವಟ್ಟು ಅಂದರೆ ನಂಬರ್ ಬದಲಾಗುವುದು. ಕಾಯಿಲ್ ಕೂಡ ಹೋಗಿರಬಹುದು ಅಂತ ಅನುಮಾನದಿಂದ ಅದನ್ನೂ ನೋಡಿದ್ದೆ. ಹಳೇ ನಂಬರ್ 397358. ಆ ನಂಬರ್‌ನಲ್ಲಿ ಮಾಲು ಇಲ್ಲ. ಅದರ ಜಾಗಕ್ಕೆ 802574 ಬಂದಿದೆ. ಒಂದು ಹೊಸ ನಂಬರ್ ಹಲವು ಹಳೇ ನಂಬರ್‌ಗಳನ್ನು ನುಂಗಿರುತ್ತದೆ. ಹಳೇ ನಂಬರ್ ಸಿಗಲಿಲ್ಲ ಅಂತ ಕೈ ಚೆಲ್ಲಬಾರದು, ಅದು ಯಾವುದಾಗಿ ಬದಲಾಯಿತು ಅಂತ ಕೇಳಬೇಕು. ಕೀ ವಿಷಯದಲ್ಲೂ ಹೀಗೇ, ಈಗ ಅದು ಕೊನೆಯಲ್ಲಿ ಒಂದು ಎಸ್ ಅಂಟಿಸಿಕೊಂಡು 222698ಎಸ್ ಆಗಿ ಬರುತ್ತದೆ. ಅಂದಹಾಗೆ, ಪ್ಲಗ್ ಹೊರಗಿಟ್ಟು ಪರೀಕ್ಷಿಸಿದಾಗ ಕಿಡಿ ನೀಲಿಯಾಗಿ ಗಟ್ಟಿಯಾಗಿ ಬಂತು. ಕಾಯಿಲ್ ಕೊಳ್ಳುವುದು ತಪ್ಪಿತು.

ಟೈಪ್‌ನ ಆ ಒಂದು ಅಂಕೆ? ಟೈಪ್ ನಂಬರ್ ಹೇಳುವುದು ಒಂದೇ ಮಾಡಲ್‌ನ ಒಳಭೇದಗಳನ್ನು. ಶಾಫ್ಟ್ ಎಷ್ಟುದ್ದ, ಯಾವ ಆಕಾರ, ಗವರ್ನರ್ ಎಷ್ಟು ವೇಗಕ್ಕೆ, ಯಾವ ಬಣ್ಣ ಇಂಥವು. ಪಟ್ಟಿಯಲ್ಲಿ ಇಂಥ ಭಾಗಗಳ ಕೆಳಗೆ ಮಾತ್ರ "ಈ ಈ ಟೈಪ್‌ಗಳಿಗೆ ಇದು" ಅಂತ ಟಿಪ್ಪಣಿ ಇರುತ್ತದೆ. ನಾನು ಎರಡೂ ಸಾಧ್ಯತೆ ಇಟ್ಟುಕೊಂಡು, ನನಗೆ ಬೇಕಾದ ಸಾಲುಗಳನ್ನಷ್ಟೇ ನೋಡಿದೆ. ಕೀಗೆ ಟಿಪ್ಪಣಿ ಇಲ್ಲ. ಡಯಾಫ್ರಮ್‌ಗೂ ಇಲ್ಲ. ಕ್ರ್ಯಾಂಕ್‌ಶಾಫ್ಟ್‌ಗೆ ಮಾತ್ರ ಇತ್ತು, ಅದು ನನಗೆ ಬೇಕಿರಲಿಲ್ಲ. ಎಲ್ಲ ಅಂಕೆಯೂ ಸ್ಪಷ್ಟವಾಗಲಿ ಅಂತ ಕಾಯುತ್ತಾ ಕೂತಿದ್ದರೆ ಇವತ್ತಿಗೂ ಹುಲ್ಲು ಬೆಳೆಯುತ್ತಲೇ ಇರುತ್ತಿತ್ತು.

ಡಯಾಫ್ರಮ್ ತರಿಸುವಾಗ ನಂಬರ್ ಹೊಂದಿಸಿದ್ದಷ್ಟೇ ಸಾಲದು ಅಂತ ಹಳೆಯದನ್ನು ಬಿಳಿ ಹಾಳೆ ಮೇಲಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಮಾರುವವರಿಗೆ ಕಳಿಸಿದೆ. ತೂತು ಎಣಿಸಿ ಹೊಂದಿಸಿಕೊಂಡೆವು. ಮೂಲ ಕಂಪನಿಯದೇ ಬೇಕೇ, ಬೇರೆಯವರು ಮಾಡಿದ್ದು ಸಾಕೇ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಎರಡು ಥರ. ಕೀ ಮೂಲದ್ದೇ ಇರಲಿ, ಏಕೆಂದರೆ ಲೋಹದ ಮೆದುತನವೇ ಅದರ ಗುಣ, ನೋಡಿದರೆ ತಿಳಿಯುವುದಿಲ್ಲ. ಡಯಾಫ್ರಮ್ ಯಾರದ್ದಾದರೂ ಪರವಾಗಿಲ್ಲ, ಮೆತ್ತಗೆ ಬಾಗಿ ಸಪಾಟಾಗಿ ಕೂತರೆ ಸಾಕು.

ಜೋಡಿಸಿದ್ದು

ಹೊಸ ಡಯಾಫ್ರಮ್ ಹಾಕುವ ಮೊದಲು ಟ್ಯಾಂಕ್‌ನ ಮೇಲ್ಮೈ ನೋಡಬೇಕು. ಅದು ಸೊಟ್ಟಗಾಗಿದ್ದರೆ ಎಂಥ ಡಯಾಫ್ರಮ್ ಹಾಕಿದರೂ ಗಾಳಿ ಸೋರುತ್ತದೆ. ನೇರವಾದ ಉಕ್ಕಿನ ಪಟ್ಟಿ ಅಡ್ಡ ಇಟ್ಟು, ಕೆಳಗೆ 0.002 ಇಂಚಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಲು ನೋಡಿದೆ. ತೂರಲಿಲ್ಲ, ಅಂದರೆ ಸಪಾಟು. ಕೊಳವೆಗಳ ತುದಿಯ ಜಾಲರಿ ತೊಳೆದೆ. ಸ್ಕ್ರೂಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯದೆ, ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿದೆ.

ಕೀ ಹಾಕಿ, ಶಾಫ್ಟ್‌ನ ಇಳಿಜಾರನ್ನು ಎಣ್ಣೆ ಇಲ್ಲದಂತೆ ಒರೆಸಿ, ಚಕ್ರ ಕೂರಿಸಿದೆ. ನಟ್‌ನ ಬಿಗಿ 55 ಅಡಿ-ಪೌಂಡ್, ಅಂದರೆ ಸುಮಾರು 75 ನ್ಯೂಟನ್ ಮೀಟರ್. ಇಲ್ಲಿ ಅಂದಾಜು ಬೇಡ. ಸಡಿಲ ಬಿಟ್ಟರೆ ಕೀ ಮೇಲೆ ಭಾರ ಬಿದ್ದು ಮತ್ತೆ ತುಂಡಾಗುತ್ತದೆ. ಕಾಯಿಲ್ ಮತ್ತು ಚಕ್ರದ ನಡುವಿನ ಸಂದು 0.006ರಿಂದ 0.010 ಇಂಚು ಇರಬೇಕು. ಹೆಚ್ಚು ದಪ್ಪವಿಲ್ಲದ ಒಂದು ಕಾರ್ಡನ್ನು ಗೇಜ್‌ನಿಂದ ಅಳೆದುಕೊಂಡು ನಡುವೆ ಇಟ್ಟೆ. ಅಯಸ್ಕಾಂತ ಕಾಯಿಲ್ ಅನ್ನು ತಾನೇ ಎಳೆದು ಅಂಟಿಕೊಂಡಿತು. ಸ್ಕ್ರೂ ಬಿಗಿದು ಕಾರ್ಡ್ ಎಳೆದೆ. ಪ್ಲಗ್‌ನ ಸಂದು 0.030 ಇಂಚು.

ಟ್ಯಾಂಕಿಗೆ ಬೇಕೆಂದೇ ಅರ್ಧಕ್ಕಿಂತ ಕಡಿಮೆ ಪೆಟ್ರೋಲ್ ಹಾಕಿದೆ. ಮೊದಲ ಮೂರು ಎಳೆತಕ್ಕೆ ಏನೂ ಇಲ್ಲ, ಬಟ್ಟಲು ತುಂಬಬೇಕಲ್ಲ. ನಾಲ್ಕನೆಯದಕ್ಕೆ ಹತ್ತಿತು. ಐದು ಸೆಕೆಂಡ್ ದಾಟಿತು. ಒಂದು ನಿಮಿಷ ದಾಟಿತು. ತಳದಲ್ಲಿ ಪೆಟ್ರೋಲ್ ಮುಗಿಯುವವರೆಗೂ ಓಡಿತು. ಹಗ್ಗ ಕೂಡ ಸೌಮ್ಯವಾಗಿ ಮರಳಿತು.

ಎರಡು ವಾರದ ಓದು, ಥಿನ್ನರ್, ಸೀಮೆಸುಣ್ಣ, ಟಾರ್ಚ್, ಇಷ್ಟೆಲ್ಲ ಮಾಡಿ ಕೊಂಡದ್ದು ಬೆರಳ ತುದಿಯಷ್ಟು ಲೋಹ ಮತ್ತು ಅಂಗೈಯಷ್ಟು ರಬ್ಬರ್. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಅಂತ ಮನೆಯವರು ನಕ್ಕರು. ನನಗೆ ಬೇಕಾಗಿದ್ದದ್ದು ಆ ಇಲಿಯೇ.

ಕವಚಕ್ಕೆ ಮತ್ತೆ ಬಣ್ಣ ಹೊಡೆಯಲಿಲ್ಲ. ನಂಬರ್ ಇರುವ ಜಾಗಕ್ಕೆ ತೆಳುವಾಗಿ ಪಾರದರ್ಶಕ ವಾರ್ನಿಷ್ ಬಳಿದೆ. ಡೆಕ್‌ನ ಸ್ಟಿಕ್ಕರ್ ಪಕ್ಕದಲ್ಲಿ ಮಾರ್ಕರ್‌ನಿಂದ ಮಾಡಲ್, ಟೈಪ್, ಕೋಡ್ ಬರೆದೆ, ಅದರ ಕೆಳಗೆ "ಕಾಯಿಲ್ ಎಲೆಕ್ಟ್ರಾನಿಕ್, ಪಾಯಿಂಟ್ಸ್ ಕೆಲಸದಲ್ಲಿಲ್ಲ" ಅಂತಲೂ ಬರೆದೆ. ಟೈಪ್‌ನ ಆ ಅಂಕೆಯ ಜಾಗದಲ್ಲಿ 3 ಬರೆದು ಪಕ್ಕಕ್ಕೆ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ಅದು 8 ಆಗಿದ್ದರೆ, ಶಾಫ್ಟ್ ಬಾಗುವ ದಿನ ಗೊತ್ತಾಗುತ್ತದೆ.